ಎರಡು ಕೀಲಿಯ ವೈಫೈ

೨೦೨೩ರ ಅಕ್ಟೋಬರ್ ೨೬, ಗುರುವಾರ, ಸಂಜೆ ಆರು ಗಂಟೆ ಹನ್ನೆರಡು ನಿಮಿಷಕ್ಕೆ, ಚಂಪಾಪೇಟೆಯ ನಮ್ಮ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ ವನಜಾಬಾಯಿಯವರು ಬಾಯಿ ತೆರೆದವರು ಹಾಗೆಯೇ ನಿಂತುಬಿಟ್ಟರು. ನಿಂತದ್ದು ಅವರಿಗೇ ಗೊತ್ತಿರಲಿಲ್ಲ. ತಮ್ಮ ಮಟ್ಟಿಗೆ ಅವರು ಒತ್ತಕ್ಷರ ಹೇಳಿಕೊಡುತ್ತಲೇ ಇದ್ದರು. ಊರಿನ ಆ ತುದಿಯ ಗಚ್ಚಿಬೌಲಿಯಿಂದ ಈ ತುದಿಯವರೆಗೆ ಹರಡಿಕೊಂಡಿದ್ದ ಇಪ್ಪತ್ಮೂರು ಮಕ್ಕಳ ಪರದೆಗಳ ಮೇಲೆ ಮಾತ್ರ ಅವರು 'ಅಕ್ಕ' ಎಂಬ ಪದದ ನಡುವೆ, ಒಂದು ಕಣ್ಣು ಅರೆಮುಚ್ಚಿ, ಕೈ ಎತ್ತಿ, ಆಶೀರ್ವಾದ ಮಾಡಲು ಹೊರಟು ಮರೆತವರಂತೆ ಸ್ಥಿರವಾಗಿದ್ದರು.

"ಅಜ್ಜಿ ಸ್ಟಕ್," ಎಂದು ಗಚ್ಚಿಬೌಲಿಯ ನಿರೀಕ್ಷಾ ಎಂಬ ಎಂಟು ವರ್ಷದವಳು ತನ್ನ ಮನೆಗೆಲ್ಲ ಸಾರಿದಳು. ಅವಳ ತಾಯಿ ಹರ್ಷದಾ, ಕನ್ನಡ ಸಂಘದ ಪರವಾಗಿ ಈ ತರಗತಿಯ ಉಸ್ತುವಾರಿ ಹೊತ್ತವಳು, ಕೂಡಲೇ ಫೋನ್ ಮಾಡಿದಳು.

"ಟೀಚರ್, ಇದು ನಾಕನೇ ಸಲ ಆತ್ರಿ. ನವೆಂಬರ್ ಐದಕ್ಕ, ರವಿವಾರ ಸಂಜೀಕ, ಕಮಿಟಿಯವ್ರು ನಿಮ್ಮ ಕ್ಲಾಸ್ ನೋಡಾಕ ಕೂಡೋರದಾರ. ಅವತ್ತೂ ಹಿಂಗ ನಿಂತ್ರ, ರೆಕಾರ್ಡ್ ಮಾಡಿದ ಪಾಠ ಹಾಕಿಬಿಡೋಣ ಅನ್ನಾಕತ್ತಾರ."

ಮೂವತ್ತೊಂದು ವರ್ಷ ಈ ಊರಿನ ಒಂದು ಕನ್ನಡ ಶಾಲೆಯಲ್ಲಿ ಪಾಠ ಮಾಡಿದ ವನಜಾಬಾಯಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. "ರೆಕಾರ್ಡಿಗೆ ಹುಡುಗೂರ ತಪ್ಪು ಹೆಂಗ ಕೇಳಸ್ತೈತಿ ಅಣ್ಣಾರ?" ಎಂದು ನನ್ನನ್ನು ಕೇಳಿದರು.

ನಾನು ಎದುರು ಮನೆಯವನು. ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ನಿವೃತ್ತನಾದವನು. ಅಳೆಯದೆ ಏನನ್ನೂ ನಂಬಬಾರದೆಂಬುದು ಅಲ್ಲಿಂದ ಅಂಟಿಸಿಕೊಂಡು ಬಂದ ಕಾಯಿಲೆ. ಆದ್ದರಿಂದ ಸಮಾಧಾನ ಹೇಳುವ ಬದಲು ಅವರ ಮೇಜಿನ ಹತ್ತಿರ ನನ್ನ ಫೋನ್ ಹಿಡಿದು ವೈಫೈ ವೇಗ ಅಳೆದೆ. ಸೆಕೆಂಡಿಗೆ ೨.೧ ಮೆಗಾಬಿಟ್. ಪಾಠಕ್ಕೆ ಕನಿಷ್ಠ ಮೂರಾದರೂ ಬೇಕು.

ಬಾಗಿಲಲ್ಲಿ ಅವರ ಯಜಮಾನರು ಹನುಮಂತರಾಯರು ನಿಂತಿದ್ದರು. ಅಂಕಿಯನ್ನು ಕೇಳಿ ನಿಧಾನವಾಗಿ ತಲೆಯಾಡಿಸಿದರು.

"ಕಳವು," ಎಂದರು. "ಯಾರೋ ನಮ್ಮ ವೈಫೈ ಕದಿಯಾಕತ್ತಾರ, ಮೋಹನರಾವ್ರ."

ಇಲ್ಲಿ ರಾಯರ ಪೂರ್ವಚರಿತ್ರೆ ಸ್ವಲ್ಪ ಹೇಳಬೇಕು. ಅವರು ಧಾರವಾಡ ಬಿಟ್ಟು ಬಂದು, ಈ ಊರಿನ ಒಂದು ರಕ್ಷಣಾ ಕಾರ್ಖಾನೆಯ ಕೀಲಿಕೈ ವಿಭಾಗದಲ್ಲಿ ಮೂವತ್ಮೂರು ವರ್ಷ ದುಡಿದವರು. ಒಳಗೆ ಏನು ತಯಾರಾಗುತ್ತಿತ್ತೆಂದು ಅವರು ಹೆಂಡತಿಗೂ ಹೇಳಿದವರಲ್ಲ; ಅವರಿಗೂ ಗೊತ್ತಿರಲಿಲ್ಲವೆಂದು ನನ್ನ ಗುಮಾನಿ. ಅವರಿಗೆ ಗೊತ್ತಿದ್ದದ್ದು ಒಂದೇ. ಸಂಜೆ ಐದೂ ಕಾಲಿಗೆ ಸೈರನ್ ಆದ ಮೇಲೆ ಪ್ರತಿ ಅಲಮಾರಿಗೂ ಎರಡು ಕೀಲಿ ಬೀಳಬೇಕು. ಒಂದರ ಕೀಲಿಕೈ ಒಬ್ಬನ ಕಡೆ, ಇನ್ನೊಂದರದು ಇನ್ನೊಬ್ಬನ ಕಡೆ. ಮೇಲೆ ಅರಗಿನ ಮುದ್ರೆ. ರಿಜಿಸ್ಟರಿನಲ್ಲಿ ವೇಳೆ ಮತ್ತು ಸಹಿ. ಆ ಮೂವತ್ಮೂರು ವರ್ಷದಲ್ಲಿ ಒಂದು ಗುಂಡುಪಿನ್ನೂ ಕಳವಾಗಲಿಲ್ಲ. ಇದನ್ನು ಅವರು ದೇಶದ ಇತಿಹಾಸದ ಭಾಗವೆಂದೇ ತಿಳಿದಿದ್ದರು.

ವೈಫೈ ಪೆಟ್ಟಿಗೆ ಹೊಸದು. ಹತ್ತು ದಿನದ ಹಿಂದೆ, ಹಳೆಯದು ಸಾಲುವುದಿಲ್ಲವೆಂದು ವನಜಾಬಾಯಿಯವರ ಪಾಠಕ್ಕಾಗಿಯೇ ತರಿಸಿದ್ದು. ಅದನ್ನು ಗೋಡೆಗೆ ಹಾಕಿದ ಕೇಬಲ್ಲಿನ ಹುಡುಗ ಯಾದಗಿರಿಗೆ ಆ ದಿನ ಒಂದೇ ತೊಡಕು ಎದುರಾಗಿತ್ತು. ರಾಯರ ತಾಯಿ ಎಂಬತ್ತಾರರ ಯಮುನಾಬಾಯಿಯವರ ಇಂಟರ್ನೆಟ್ ರೇಡಿಯೊ ಹೊಸ ಪೆಟ್ಟಿಗೆಯೊಡನೆ ಮಾತಾಡಲು ಒಪ್ಪಲಿಲ್ಲ. ನಾಂಪಲ್ಲಿಯ ಎಕ್ಸಿಬಿಷನ್ನಿನಲ್ಲಿ ೨೦೧೧ರ ಜನವರಿಯಲ್ಲಿ ರಾಯರೇ ಕೊಂಡದ್ದು ಅದು. ಸಂಜೆ ಆರಕ್ಕೆ ಅದರಲ್ಲಿ ಧಾರವಾಡ ಆಕಾಶವಾಣಿ ಬರದಿದ್ದರೆ ಮುದುಕಿ ಊಟಕ್ಕೆ ಏಳುತ್ತಿರಲಿಲ್ಲ. ಯಾದಗಿರಿ ಅರ್ಧ ಗಂಟೆ ಫೋನಿನಲ್ಲಿ ಏನೇನೋ ಒತ್ತಿ, "ಸೆಟ್ ಅಯಿಂದಿ ಸಾರ್, ಪೆದ್ದಮ್ಮ ರೇಡಿಯೊ ಪಾಡ್ತುಂದಿ," ಎಂದು ತೆಲುಗಿನಲ್ಲಿ ಹೇಳಿದ. ರೇಡಿಯೊ ಹಾಡಿತು. ಎಲ್ಲರೂ ಸಂತೋಷಪಟ್ಟೆವು. ಅವನು ಏನು ಒತ್ತಿದ ಎಂದು ಯಾರೂ ಕೇಳಲಿಲ್ಲ. ಹಳೆಯ ಪೆಟ್ಟಿಗೆ ಅಟ್ಟ ಸೇರಿತು.

ನಾನು ವೇಗ ಅಳೆದ ಮರುದಿನ, ಶುಕ್ರವಾರ ಬೆಳಿಗ್ಗೆ ಎಂಟಕ್ಕೆ, ರಾಯರು ಹೊಸ ಆಡಳಿತ ಜಾರಿ ಮಾಡಿದರು. ಹನ್ನೆರಡು ಅಕ್ಷರದ ಪಾಸ್‌ವರ್ಡು, ದಿನಕ್ಕೊಂದು. ಮೊದಲ ಆರು ಅಕ್ಷರ ಅವರಿಗೆ ಮಾತ್ರ ಗೊತ್ತು, ಕೊನೆಯ ಆರು ವನಜಾಬಾಯಿಗೆ ಮಾತ್ರ. ಒಬ್ಬರು ಒತ್ತುವಾಗ ಇನ್ನೊಬ್ಬರು ಗೋಡೆಯ ಕಡೆ ತಿರುಗಬೇಕು. ಯಾರ ಫೋನು, ಎಷ್ಟು ಹೊತ್ತಿಗೆ ಸೇರಿತು, ಎಲ್ಲವೂ ಕೆಂಪು ಬಟ್ಟೆಯ ಅಂಚಿನ ರಿಜಿಸ್ಟರಿನಲ್ಲಿ ಬರೆದಿರಬೇಕು. ಯಮುನಾಬಾಯಿಯವರ ರೇಡಿಯೊ ದಿನಾ ಬೆಳಿಗ್ಗೆ ಎಂಟೂ ಐದಕ್ಕೆ ಸೇರುತ್ತಿತ್ತು. ಅದರ ಪರವಾಗಿ ಮುದುಕಿ ಹೆಬ್ಬೆಟ್ಟು ಒತ್ತುತ್ತಿದ್ದರು. ಅವರಿಗೆ ಸಹಿ ಚೆನ್ನಾಗಿಯೇ ಬರುತ್ತಿತ್ತು. "ನನಗ ಹುಚ್ಚು ಹಿಡಿದಿಲ್ಲ, ನನ್ನ ಸಹಿ ಇದಕ್ಯಾಕ ಹಾಳು ಮಾಡಲಿ," ಎಂಬುದು ಅವರ ವಾದ.

ವ್ಯವಸ್ಥೆಯ ಮೊದಲ ಪರೀಕ್ಷೆ ಶನಿವಾರವೇ ಆಯಿತು. ವನಜಾಬಾಯಿ ಮಕ್ಕಳಿಗೆ ಕಾಪಿ ಪುಸ್ತಕ ತರಲು ಅಬಿಡ್ಸಿಗೆ ಹೋಗಿದ್ದರು. ರಾಯರ ಫೋನು ವೈಫೈಯಿಂದ ಕಳಚಿಕೊಂಡಿತು. ಅವರು ಹೆಂಡತಿಗೆ ಫೋನ್ ಮಾಡಿದ್ದನ್ನು ನಾನು ಎದುರು ಮನೆಯಿಂದಲೇ ಕೇಳಿದೆ, ಏಕೆಂದರೆ ಅವರು ಸ್ಪೀಕರಿಗೆ ಹಾಕಿದ್ದರು.

"ನಿನ್ನ ಅರ್ಧ ಹೇಳು."

"ಫೋನಿನ್ಯಾಗ ಹೇಳಬಾರದು ಅಂತ ಐತಲ್ಲ. ನಾಕನೇ ನಿಯಮ."

"ನಿಯಮ ಬರದಾಂವ ನಾನ ಅದೀನಿ."

"ಹೌದು, ಕೆಳಗ ಸಹೀನೂ ನಿಮ್ಮದ ಐತಿ. ಇಲ್ಲಿ ಅಂಗಡ್ಯಾಗ ಹತ್ತು ಮಂದಿ ನಿಂತಾರ. ಎಲ್ಲಾರ ಮುಂದ ಒದರ್ಲೇನು?"

ರಾಯರು ಮಧ್ಯಾಹ್ನ ಎರಡರವರೆಗೆ ಅರ್ಧ ಪಾಸ್‌ವರ್ಡಿನ ಮನುಷ್ಯರಾಗಿ ಬಾಲ್ಕನಿಯಲ್ಲಿ ಕೂತಿದ್ದರು. ಆ ಸಂಜೆ ನಾನು ಅಳೆದೆ. ೨.೧. ಕಳ್ಳನಿಗೆ ಏನೂ ತೊಂದರೆಯಾಗಿರಲಿಲ್ಲ.

ಇದರಿಂದ ಅವರು ಕಳ್ಳ ಸಾಮಾನ್ಯನಲ್ಲ ಎಂಬ ತೀರ್ಮಾನಕ್ಕೆ ಬಂದರು. ಅದರ ಜೊತೆಗೇ ಇನ್ನೊಂದು ಸಿದ್ಧಾಂತವನ್ನೂ ಮಂಡಿಸಿದರು. "ಕಾವಲು ಬಿಗಿ ಆದಷ್ಟೂ ಸಾಲು ನಿಧಾನ ಆಗೂದ. ಗೇಟಿನ್ಯಾಗ ಚೆಕಿಂಗ್ ಜಾಸ್ತಿ ಇದ್ದ ದಿವಸ ನಾವು ಮನಿ ಮುಟ್ಟಾಕ ಏಳು ಆಗ್ತಿತ್ತು. ನಿಧಾನ ಐತಿ ಅಂದ್ರ ಭದ್ರ ಐತಿ ಅಂತ ಅರ್ಥ." ಹೀಗೆ ವೈಫೈ ನಿಧಾನವಾದರೆ ಅದು ಕಳವಿಗೂ ಸಾಕ್ಷಿ, ಭದ್ರತೆಗೂ ಸಾಕ್ಷಿ. ಯಾವ ಅಂಕಿ ಬಂದರೂ ಕೆಡದಂಥ ಸಿದ್ಧಾಂತವನ್ನು ನಾನು ಪ್ರಯೋಗಾಲಯದಲ್ಲಿ ಒಮ್ಮೆಯೂ ನೋಡಿರಲಿಲ್ಲ.

ಸೋಮವಾರ ಲಿಫ್ಟಿನೊಳಗೆ ಒಂದು ಕಾಗದ ಅಂಟಿತು. 'ಎಚ್ಚರಿಕೆ. ಈ ಕಟ್ಟಡದಲ್ಲಿ ವೈಫೈ ಕಳ್ಳನಿದ್ದಾನೆ. ನಿಗಾ ಇಡಲಾಗಿದೆ.' ಕನ್ನಡ, ತೆಲುಗು, ಇಂಗ್ಲಿಷ್, ಮೂರರಲ್ಲೂ ಇತ್ತು. ಸಂಜೆಯೊಳಗೆ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಉಪೇಂದ್ರ ಬಂದ.

"ರಾಯರ, ನಿಮ್ಮ ಕಾಗದ ಓದಿ, ಮನಿ ನೋಡಾಕ ಬಂದ ಎರಡು ಬಾಡಿಗಿ ಪಾರ್ಟಿ ವಾಪಸ್ ಹೋದ್ವು. ಕಳ್ಳ ಯಾರು ಅಂತ ಗೊತ್ತಾಗೇತೇನ್ರಿ?"

"ಸಂಶಯ ಐತಿ. ಹೆಸರು ಹೇಳಂಗಿಲ್ಲ," ಎಂದ ರಾಯರ ಕಣ್ಣು ಮೆಟ್ಟಿಲ ಕಡೆಗೆ ಹೋಯಿತು. ಉಪೇಂದ್ರನ ಕಣ್ಣೂ ಹೋಯಿತು. ನನ್ನದೂ ಹೋಯಿತು.

ಮೆಟ್ಟಿಲ ಮೇಲೆ, ರಾಯರ ಬಾಗಿಲಿನಿಂದ ಮೂರನೆಯ ಮೆಟ್ಟಿಲಿನಲ್ಲಿ, ಮೊದಲ ಮಹಡಿಯ ಬಸವಲಿಂಗಪ್ಪನವರು ಫೋನ್ ಕೈಯಲ್ಲಿ ಹಿಡಿದು ಕೂತಿದ್ದರು. ಗದಗಿನ ಕಡೆಯವರು. ಅದೇ ಕಾರ್ಖಾನೆಯ ಗೇಟಿನಲ್ಲಿ ಹವಾಲ್ದಾರರಾಗಿದ್ದವರು. ಮೂವತ್ತು ವರ್ಷ ದಿನಾ ಸಂಜೆ ರಾಯರ ಊಟದ ಡಬ್ಬಿ ತೆರೆಸಿ, ಕಾರ್ಖಾನೆಯ ವಸ್ತು ಏನಾದರೂ ಹೊರಗೆ ಹೋಗುತ್ತಿದೆಯೇ ಎಂದು ನೋಡಿದವರು. ಡಬ್ಬಿಯಲ್ಲಿ ಚಕ್ಕುಲಿ ಉಳಿದಿದ್ದರೆ ಅದನ್ನು ಪರೀಕ್ಷೆಗೆಂದು ಇಟ್ಟುಕೊಂಡವರು. ಯಮುನಾಬಾಯಿಯವರಿಗೆ ಇದು ತಿಳಿದ ಮೇಲೆ ಡಬ್ಬಿಯಲ್ಲಿ ಚಕ್ಕುಲಿ ಉಳಿಯದ ದಿನವೇ ಇರಲಿಲ್ಲ. ದಿನಾ ಎರಡು ಹೆಚ್ಚಾಗಿ ಹಾಕುತ್ತಿದ್ದರು.

ರಾಯರು ಕೈಚೀಲ ಹಿಡಿದು, ಸಹಜವಾಗಿ ಹೊರಟವರಂತೆ ಮೆಟ್ಟಿಲಿಳಿದರು.

"ಏನ್ ಬಸಲಿಂಗಪ್ಪನವರ, ದಿನಾ ಆರಕ್ಕ ಇಲ್ಲೇ ಕೂಡತೀರಲ್ಲ?"

"ಹಿಂಗ, ಗಾಳಿಗ್ರಿ."

"ಮೆಟ್ಟಲ ಮ್ಯಾಲ ಗಾಳಿ ಎಲ್ಲಿಂದ ಬರತೈತಿ?"

"ನಿಮ್ಮ ಮನಿ ಕಡಿಂದ ಸ್ವಲ್ಪ ಬರತೈತ್ರಿ," ಎಂದು ಬಸವಲಿಂಗಪ್ಪ ನಾಚಿಕೊಂಡು ಫೋನನ್ನು ಜೇಬಿಗೆ ಹಾಕಿದರು.

ರಾಯರು ಕೆಳಗೆ ಹೋಗದೆ ಅಲ್ಲಿಂದಲೇ ಹಿಂದಿರುಗಿ ನನ್ನ ಮನೆಗೆ ಬಂದರು. ಕೂತರು. ನೀರು ಕೇಳಿದರು. "ಒಪ್ಪಿಕೊಂಡ," ಎಂದರು. ಆಮೇಲೆ, "ಮೂವತ್ತು ವರ್ಷ ನನ್ನ ಡಬ್ಬಿ ನೋಡಿದ ಮನಷ್ಯಾ," ಎಂದರು. ನೀರು ಹಾಗೇ ಉಳಿಯಿತು.

ನವೆಂಬರ್ ಮೂರು, ಶುಕ್ರವಾರ. ಕಮಿಟಿ ನೋಡುವ ಮುಂಚಿನ ಕೊನೆಯ ತರಗತಿ. ನಾನು ಹೋಗುವ ಹೊತ್ತಿಗೆ ಗೋಡೆಯ ಮೇಲೆ ವೈಫೈ ಪೆಟ್ಟಿಗೆ ಇರಲಿಲ್ಲ.

"ಎಲ್ಲೈತ್ರಿ?" ಎಂದೆ.

ರಾಯರು ಮಲಗುವ ಕೋಣೆಯ ಕಬ್ಬಿಣದ ಅಲಮಾರಿಯನ್ನು ತೋರಿಸಿದರು. ತಂತಿಗಾಗಿ ಹಿಂಬದಿಗೆ ಅಚ್ಚುಕಟ್ಟಾಗಿ ತೂತು ಕೊರೆದಿದ್ದರು. ಮುಂದೆ ಎರಡು ಕೀಲಿ. ಕೀಲಿಗಳ ಮೇಲೆ ದಾರ, ದಾರದ ಮೇಲೆ ಕೆಂಪು ಅರಗು, ಅರಗಿನ ಮೇಲೆ ಸ್ಪಷ್ಟವಾದ ಶಂಖದ ಗುರುತು. ಕಾರ್ಖಾನೆಯ ಹಿತ್ತಾಳೆ ಮುದ್ರೆಯನ್ನು ನಿವೃತ್ತಿಯ ದಿನ ಒಪ್ಪಿಸಿ ಬಂದಿದ್ದರಿಂದ, ದಿನಾ ಗೋಪಿಚಂದನ ಹಚ್ಚಿಕೊಳ್ಳುವ ದೇವರ ಮುದ್ರೆಯನ್ನೇ ಒತ್ತಿದ್ದರು.

ನಡುಮನೆಯ ಮಂಚದಿಂದ ಯಮುನಾಬಾಯಿ ಕೂಗಿದರು. "ಹಣಮಂತಾ, ವಿಷ್ಣುವಿನ ಶಂಖ ಒಯ್ದು ಕಬ್ಬಿಣದ ಪೆಟಗಿಗೆ ಒತ್ತೀಯಲ್ಲೋ. ಇನ್ನ ನಿನ್ನ ವೈಫೈಗೆ ನೈವೇದ್ಯ ಬ್ಯಾರೆ ಮಾಡ್ಲೇನು? ಮತ್ತ ನನ್ನ ರೇಡಿಯೊ ಯಾಕ ಬಾಯಿ ಮುಚಗೊಂಡೈತಿ?"

ರಾಯರು ಬಾಗಿಲ ಸಂದಿಯಿಂದ ಮೆಟ್ಟಿಲನ್ನು ನೋಡುತ್ತಿದ್ದರು. ಬಸವಲಿಂಗಪ್ಪ ಆರಕ್ಕೆ ಬಂದು ಕೂತರು. ಸುಮ್ಮನೆ ಕಾದರು. ಫೋನು ನೋಡಲಿಲ್ಲ, ಮುಖ ಎತ್ತಿ ಬಾಗಿಲನ್ನೇ ನೋಡಿದರು. ಆರೂ ಹತ್ತಕ್ಕೆ ಮೊಣಕಾಲು ಹಿಡಿದು ಎದ್ದು, ಒಂದೊಂದೇ ಮೆಟ್ಟಿಲು ಇಳಿದು ಹೋದರು.

"ನೋಡಿದ್ರೇನ್ರಿ," ಎಂದರು ರಾಯರು. "ವೈಫೈ ಬಂದ್, ಕಳ್ಳ ಬಂದ್. ಇದಕ್ಕಿಂತ ಸಾಕ್ಷಿ ಇನ್ನೇನು ಬೇಕು?"

ಒಳಗಿನ ಕೋಣೆಯಿಂದ ವನಜಾಬಾಯಿ ಬಂದರು. ಕಬ್ಬಿಣದ ಅಲಮಾರಿ ಅಲೆಗಳನ್ನು ತಡೆದು, ಅವರ ಮೇಜಿನ ಹತ್ತಿರ ನನ್ನ ಫೋನು ೦.೨ ತೋರಿಸಿತ್ತು. ಇಪ್ಪತ್ಮೂರು ಮಕ್ಕಳಲ್ಲಿ ಒಂದು ಮುಖವೂ ಮೂಡಿರಲಿಲ್ಲ.

"ಕಳ್ಳನೂ ಹೋದ, ಸಾಲೀನೂ ಹೋತು," ಎಂದರು. ಅವರ ದನಿ ಏರಲಿಲ್ಲ. ಅಡುಗೆಮನೆಯಿಂದ ಚಾಕು ತಂದು ಅರಗನ್ನು ಒಡೆದು, ತಮ್ಮ ಕೀಲಿಕೈ ಹಾಕಿ ಒಂದು ಕೀಲಿ ತೆಗೆದರು. "ನಿಮ್ಮದು ನೀವು ತಗೀರಿ. ನಾಳೆ ಯಾದಗಿರಿ ಬರ್ತಾನ. ರವಿವಾರದ ತನಕ ಈ ಮನ್ಯಾಗ ನೀವು ಯಾವುದಕ್ಕೂ ಕೀಲಿ ಹಾಕಂಗಿಲ್ಲ. ಬಚ್ಚಲಮನಿ ಬಿಟ್ಟು."

ಶನಿವಾರ ಬೆಳಿಗ್ಗೆ ಯಾದಗಿರಿ ಬಂದ. ನಾನು ಮೊದಲು ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೊನೆಗೆ ಕೇಳಿದೆ. ಹೊಸ ಪೆಟ್ಟಿಗೆ ತಂದ ದಿನ ಅವನು ಒತ್ತಿದ್ದು ಏನು?

ಅವನು ಫೋನಿನಲ್ಲಿ ಒಂದು ಸಾಲು ತೆರೆದು ತೋರಿಸಿದ. ಮುದುಕಿಯ ರೇಡಿಯೊಗೆ ಗೊತ್ತಿದ್ದದ್ದು ಹಿಂದಿನ ಕಾಲದ ಬೀಗ ಮಾತ್ರ. ತಾಂತ್ರಿಕರು ಅದನ್ನು ಟಿಕೆಐಪಿ ಎನ್ನುತ್ತಾರೆ. ಅದು ಹಾಡಲೆಂದು ಇವನು ಹೊಸ ಪೆಟ್ಟಿಗೆಗೇ ಆ ಹಳೆಯ ಬೀಗ ಹಾಕಿದ್ದ.

ಬಿಗಿಯಾದ ಬೀಗ ನಿಧಾನ, ಸಡಿಲ ಬೀಗ ವೇಗ ಎಂದು ನಾವೆಲ್ಲ ಊಹಿಸುತ್ತೇವೆ. ಇಲ್ಲಿ ಸಂಗತಿ ತಿರುಗಾಮುರುಗಾ. ಹೊಸ ಬೀಗ ಹೆಚ್ಚು ಭದ್ರ. ಅದನ್ನು ತೆರೆದು ಮುಚ್ಚುವ ಕೆಲಸಕ್ಕೆ ಪೆಟ್ಟಿಗೆಯಲ್ಲೇ ಬೇರೆ ಅಂಗವಿರುವುದರಿಂದ ತಡವೂ ಇಲ್ಲವೆನ್ನುವಷ್ಟು ಕಡಿಮೆ. ಹಳೆಯ ಬೀಗವನ್ನು ಮುರಿಯುವುದು ಸುಲಭ. ಸಾಲದ್ದಕ್ಕೆ, ಅದನ್ನು ಹಾಕಿದ ಕೂಡಲೇ ನಿಯಮದ ಪ್ರಕಾರ ಪೆಟ್ಟಿಗೆ ತನ್ನ ಹೊಸ ಓಟವನ್ನೆಲ್ಲ ಬಿಟ್ಟು ಹಿಂದಿನ ಕಾಲದ ನಡಿಗೆಗೆ ಇಳಿಯುತ್ತದೆ. ಕದ್ದವರು ಯಾರೂ ಇರಲಿಲ್ಲ.

ಇದನ್ನು ನಾನು ರಾಯರಿಗೆ ಮೂರು ಸಲ ವಿವರಿಸಿದೆ. ಮೂರನೆಯ ಸಲ ಅವರ ಮುಖ ತಟ್ಟನೆ ಬದಲಾಯಿತು.

"ಅಂದ್ರ ಸಣ್ಣ ಗೇಟು," ಎಂದರು. "ತೊಂಬತ್ನಾಕರ ತನಕ ನಮಗ ಸಣ್ಣ ಗೇಟ ಇತ್ತಲ್ರಿ. ಸೈಕಲ್ಲಿನಾಂವ ಇಳೀಬೇಕು, ಬಸ್ಸಿನಾಂವನೂ ಇಳೀಬೇಕು, ಎಲ್ಲಾರೂ ಒಬ್ಬರ ಹಿಂದ ಒಬ್ಬರು ನಡೀಬೇಕು. ಸೈರನ್ ಆದ ಮ್ಯಾಲ ಆ ಸೈಕಲ್ಲಿನ ಸಾಲು, ಏನು ಹೇಳ್ತೀರಿ. ಡಬ್ಬಿ ಟಣಟಣ ಅಂತಿದ್ವು. ಬಸಲಿಂಗಪ್ಪ ಮೀಸಿ ತಿರುವಿಕೊಂತ ನಿಂತಿರ್ತಿದ್ದ." ಹೆಸರು ಬಾಯಿಗೆ ಬಂದದ್ದೇ ಮೆಟ್ಟಿಲ ಕಡೆ ನೋಡಿದರು.

ಯಾದಗಿರಿ ಹೊಸ ಬೀಗ ಹಾಕಿದ. ವನಜಾಬಾಯಿಯವರ ಮೇಜಿನ ಹತ್ತಿರ ಅಳೆದೆ. ೩೧. ನಂಬದೆ ಮತ್ತೆ ಅಳೆದೆ. ೩೧.

ನಡುಮನೆಯಲ್ಲಿ ರೇಡಿಯೊ ಮಾತ್ರ ಬಾಯಿ ತೆರೆಯಲಿಲ್ಲ. ಎಲ್ಲರೂ ಯಮುನಾಬಾಯಿಯವರ ಮಂಚದ ಸುತ್ತ ನಿಂತೆವು. ಅವರು ರೇಡಿಯೊದ ಮೇಲೆ ಹೊದಿಸಿದ್ದ ಕಸೂತಿ ಬಟ್ಟೆಯನ್ನು ಸರಿಮಾಡಿದರು.

"ಅದರದೇನು. ಹುಡುಗೂರು ಕಲೀಲಿ. ನನಗ ಧಾರವಾಡ ಬಾಯಿಪಾಠ ಐತಿ," ಎಂದರು. ಆ ರಾತ್ರಿ ಊಟಕ್ಕೆ ಯಾರೂ ಕರೆಯುವ ಮೊದಲೇ ಎದ್ದರು. ಅದನ್ನು ನೋಡಿ ವನಜಾಬಾಯಿ ಸರಿಯಾಗಿ ಉಣ್ಣಲಿಲ್ಲ.

ಭಾನುವಾರ ಸಂಜೆ ಆರು. ಕಮಿಟಿಯ ಐವರು, ಇಪ್ಪತ್ಮೂರು ಮಕ್ಕಳು, ಅವರ ಹಿಂದೆ ಇಣುಕುವ ತಂದೆತಾಯಿಗಳು, ಎಲ್ಲರೂ ಪರದೆಯಲ್ಲಿ ಮೂಡಿದರು. ವನಜಾಬಾಯಿ 'ಅಕ್ಕ' ಎಂದರು. ಅವರ ಬಾಯಿ ತೆರೆಯಿತು, ಮುಚ್ಚಿತು. ಕಮಿಟಿಯವರು ಮುಂದಕ್ಕೆ ಬಾಗಿದರು. ನಿರೀಕ್ಷಾ 'ಅಜ್ಜ'ನನ್ನು 'ಅಜ'ನನ್ನಾಗಿ ಮಾಡಿದಳು. ವನಜಾಬಾಯಿ ಅರ್ಧ ಸೆಕೆಂಡಿನಲ್ಲಿ ಹಿಡಿದರು. "ಅಜ್ಜಗ ಒತ್ತು ಕೊಡವಾ, ಇಲ್ಲಂದ್ರ ಆಡು ಆಗ್ತಾನ." ಎಲ್ಲ ಪರದೆಗಳಲ್ಲೂ ಒಮ್ಮೆಲೇ ನಗು ಎದ್ದಿತು.

ಆರೂ ಇಪ್ಪತ್ತಕ್ಕೆ ಮುಂಬಾಗಿಲು ಮೆಲ್ಲಗೆ ಬಡಿಯಿತು. ರಾಯರು ತೆರೆದರು. ಬಸವಲಿಂಗಪ್ಪ ನಿಂತಿದ್ದರು. ಅಂಗಿಯ ಗುಂಡಿಯನ್ನು ಕುತ್ತಿಗೆಯವರೆಗೂ ಹಾಕಿಕೊಂಡಿದ್ದರು. ಕೆಟ್ಟ ಸುದ್ದಿ ಕೇಳಲು ಸಿದ್ಧರಾಗಿ ಬಂದವರಂತಿದ್ದರು.

"ರಾಯರ, ತಪ್ಪು ತಿಳೀಬ್ಯಾಡ್ರಿ," ಎಂದರು. "ಮೂರು ದಿನ ಆತು, ರೇಡಿಯೊ ಕೇಳಂಗಿಲ್ಲ, ಅವ್ವಾರ ದನಿನೂ ಕೇಳಂಗಿಲ್ಲ. ಅವ್ವಾರು ಅರಾಮ ಅದಾರಲ್ರಿ?"

ರಾಯರು ಬಾಗಿಲನ್ನು ಪೂರ್ತಿ ತೆರೆದರು. ನಾನೇ ಕೇಳಿದೆ. "ನೀವು ಮೆಟ್ಟಲ ಮ್ಯಾಲ ಕೂಡತಿದ್ದದ್ದು ರೇಡಿಯೊ ಕೇಳಾಕೇನ್ರಿ?"

"ಹೌದ್ರಿ. ನಡುವ ಫೋನ್ ಬರಬಾರದು ಅಂತ ಅದನ್ನ ಬಂದ್ ಮಾಡಿ ಕೈಯಾಗ ಹಿಡಕೊಂಡು ಕೂಡತಿದ್ದೆ."

"ಫೋನಿನ್ಯಾಗೂ ಧಾರವಾಡ ಬರತೈತಲ್ಲ."

"ಬರತೈತ್ರಿ. ನಮ್ಮ ಸೊಸಿ ಹಾಕಿ ಕೊಟ್ಟಾಳ. ಆದ್ರ ಒಬ್ಬನ ಕೇಳಿದ್ರ ಬರೇ ಸಪ್ಪಳ ಅದು. ರೈತರ ಕಾರ್ಯಕ್ರಮದಾಗ ಸಾಹೇಬ ಈರುಳ್ಳಿ ಬಗ್ಗೆ ಏನರ ಹೇಳಿದ್ರ, ಅವ್ವಾರು ಅವಂಗ ಬೈತಾರಲ್ರಿ, 'ನಿಮ್ಮವ್ವ ಈರುಳ್ಳಿ ಹಚ್ಚಿದ್ದಳೇನೋ' ಅಂತ. ನಮ್ಮವ್ವನೂ ಹಿಂಗ ರೇಡಿಯೊಕ್ಕ ಬೈತಿದ್ಲು. ಅದು ಫೋನಿನ್ಯಾಗ ಬರಂಗಿಲ್ಲ."

ಒಳಗಿನಿಂದ ಯಮುನಾಬಾಯಿ ಕೇಳಿದರು. "ಯಾರೋ ಅದು? ಚಕ್ಕಲಿ ಹವಾಲ್ದಾರನೇನು? ಹೊರಗ ಯಾಕ ನಿಂತಾನ?"

ಬಸವಲಿಂಗಪ್ಪ ಒಳಗೆ ಬಂದು ಮಂಚದ ಹತ್ತಿರ ಕೂತರು. ರಾಯರು ಇಡೀ ಕಥೆಯನ್ನು, ಲಿಫ್ಟಿನ ಕಾಗದವೊಂದನ್ನು ಬಿಟ್ಟು, ಹೇಳಿದರು. ದೊಡ್ಡ ಗೇಟು, ಸಣ್ಣ ಗೇಟು, ಅಲಮಾರಿ. ಬಸವಲಿಂಗಪ್ಪ ಗೇಟಿನ ಮನುಷ್ಯ. ಒಂದೇ ಸಲಕ್ಕೆ ಅರ್ಥ ಮಾಡಿಕೊಂಡರು.

"ಅಲ್ರಿ ರಾಯರ, ದೊಡ್ಡ ಗೇಟು ಮಾಡಿದ ಮ್ಯಾಲ ಸಣ್ಣ ಗೇಟು ಒಡದ್ವೇನು ನಾವು? ನಡಕೊಂತ ಬರೋ ಮಂದಿಗೆ ಅಂತ ಹಂಗ ಬಿಟ್ಟಿದ್ವಲ್ಲ. ನಿಮ್ಮ ಹಳೇ ಪೆಟಗಿ ಎಲ್ಲೈತಿ?"

ಹಳೆಯ ಪೆಟ್ಟಿಗೆ ಅಟ್ಟದಲ್ಲಿತ್ತು. ಭೌತಶಾಸ್ತ್ರದವನಾದ ನನಗೂ, ಕೇಬಲ್ಲಿನ ಯಾದಗಿರಿಗೂ ಹೊಳೆಯದ ಈ ಮಾತು ಗೇಟಿನಲ್ಲಿ ಮೂವತ್ತು ವರ್ಷ ನಿಂತವನಿಗೆ ಹೊಳೆದದ್ದನ್ನು ನಾನು ಯಾವ ವ್ಯಾಖ್ಯಾನವೂ ಇಲ್ಲದೆ ದಾಖಲಿಸುತ್ತೇನೆ.

"ಹಳೇ ಕೀಲಿ ಭದ್ರ ಇಲ್ಲ ಅಂತಾರ ಮೋಹನರಾವ್ರು," ಎಂದು ರಾಯರು ಅನುಮಾನಿಸಿದರು.

"ಹೊಸ ಪೆಟಗಿ ಒಳಗಿಂದು ಹೊಸಾ ಕೀಲ್ಯಾಗ ಇರಲಿ. ಸಣ್ಣ ಗೇಟಿನ್ಯಾಗ ರೇಡಿಯೊ ಒಂದ ಹೋಗಲಿ. ಕಾವಲಿಗೆ ನಾ ಕೂಡತೀನಲ್ರಿ."

ಸೋಮವಾರ ಯಾದಗಿರಿ ಎರಡೂ ಪೆಟ್ಟಿಗೆಗಳನ್ನು ಬೇರೆ ಬೇರೆ ದಾರಿಯಾಗಿ ಕೂಡಿಸಿದ. ಹಳೆಯ ದಾರಿಯಿಂದ ಹೊಸದರ ಒಳಗೆ ಯಾರೂ ಬಾರದಂತೆ ಮಾಡಿದ. ಲಿಫ್ಟಿನ ಕಾಗದವನ್ನು ರಾಯರು ತಾವೇ ಉಗುರಿನಿಂದ ಕೆರೆದು ತೆಗೆದರು. ಹರ್ಷದಾಳ ಫೋನ್ ಬಂತು. ತರಗತಿ ಮುಂದುವರಿಯುತ್ತದೆ, ಒಂಬತ್ತು ಮಕ್ಕಳು ಹೊಸದಾಗಿ ಸೇರುತ್ತಾರೆ. ವನಜಾಬಾಯಿ ಕನ್ನಡಕ ಒರೆಸಿದರು, ಈ ಸಲ ಒಮ್ಮೆಯೇ.

ಆ ಸಂಜೆ ಆರಕ್ಕೆ ಬಸವಲಿಂಗಪ್ಪ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ರಾಯರು ಅಡುಗೆಮನೆಯಿಂದ ತಮ್ಮ ಹಳೆಯ ಡಬ್ಬಿ ತಂದು ಅವರ ಮುಂದೆ ಹಿಡಿದು, ಗೇಟಿನಲ್ಲಿ ನಿಲ್ಲುತ್ತಿದ್ದಂತೆ ಸ್ವಲ್ಪ ಪಕ್ಕಕ್ಕೆ ತಿರುಗಿ ನಿಂತರು. ಬಸವಲಿಂಗಪ್ಪ ಮುಚ್ಚಳ ತೆರೆದರು. ಒಳಗನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಪರಿಶೀಲಿಸಿದರು. ಎರಡು ಚಕ್ಕುಲಿಗಳನ್ನು ಪರೀಕ್ಷೆಗೆಂದು ತೆಗೆದಿಟ್ಟುಕೊಂಡು, "ಹೋಗ್ರಿ," ಎಂದರು.

ಧಾರವಾಡ ಶುರುವಾಯಿತು. ಯಾವನೋ ಅಧಿಕಾರಿ ಕಡಲೆ ಬಿತ್ತನೆಯ ಬಗ್ಗೆ ಮಾತು ತೆಗೆದ. ಯಮುನಾಬಾಯಿ ಅವನಿಗೆ ಬೈದರು. ನಾನು ಹಳೆಯ ಪೆಟ್ಟಿಗೆಯ ಲೆಕ್ಕವನ್ನು ತೆರೆದು ರೇಡಿಯೊ ಎಷ್ಟು ಎಳೆದುಕೊಳ್ಳುತ್ತಿದೆಯೆಂದು ನೋಡಿದೆ. ಮುದುಕಿ ಒಬ್ಬರೇ ಕೇಳುತ್ತಿದ್ದ ಕಾಲದ ಅಳತೆ ನನ್ನ ಪುಸ್ತಕದಲ್ಲಿತ್ತು. ಈಗ ಇಬ್ಬರು ಕೇಳುತ್ತಿದ್ದರು. ಅಳತೆ ಬದಲಾಗಿರಲಿಲ್ಲ: ಸೆಕೆಂಡಿಗೆ ೦.೦೬೪ ಮೆಗಾಬಿಟ್.